ಏಳೂಕಾಲರ ಗುಂಯ್

ಮೊದಲು ಉಪ್ಪನ್ನೇ ಬೈದೆ.
ಕೋಡಿಬಾಗದಲ್ಲಿ ಬಾಳುವವನಿಗೆ ಅದು ಸಲೀಸು.
ಬಾಗಿಲ ಚಿಲಕ ತಿಂದದ್ದು ಉಪ್ಪು, ಸೈಕಲ್ಲಿನ ಕಡ್ಡಿ ತಿಂದದ್ದು ಉಪ್ಪು,
ಟ್ಯಾಂಕಿನ ಪೈಪಿನ ನೆತ್ತಿಯಿಂದ ಎಡಕ್ಕೊಂದು ಬಲಕ್ಕೊಂದು
ಮೂವತ್ತಮೂರು ಮೂವತ್ತಮೂರು ಅಡಿ ಇಳಿಬಿಟ್ಟ ತಾಮ್ರದ ತಂತಿ,
ಒಂದು ತುದಿ ಗಾಳಿಮರಕ್ಕೆ, ಇನ್ನೊಂದು ರೇವಣಕರರ ಕಾಂಪೌಂಡಿಗೆ,
ಕಟ್ಟಿದ್ದು ಬೈತಖೋಲದಲ್ಲಿ ಕೇಜಿ ಲೆಕ್ಕಕ್ಕೆ ತಂದ ಬಲೆಹಗ್ಗದಲ್ಲಿ,
ಅದನ್ನು ಎರಡೇ ಚಳಿಗಾಲದಲ್ಲಿ ಹಸಿರು ಮಾಡಿದ್ದೂ ಉಪ್ಪೇ.

ಹಾಗಾಗಿ ಸಂಜೆ ಏಳೂಕಾಲಕ್ಕೆ, ನಲವತ್ತು ಮೀಟರಿನಲ್ಲಿ,
ಗುಂಯ್ ಎಂದು ಎದ್ದು
ಮುಳ್ಳನ್ನು ಒಂಬತ್ತರ ಮೇಲೆ ಕೂರಿಸಿ ಅಲ್ಲಾಡದ ಸದ್ದು ಬಂದಾಗ
ಕೇಬಲ್ಲಿನ ಕೊರಳು ಬಿಚ್ಚಿ ವಿನೆಗರಿನಲ್ಲಿ ತಿಕ್ಕಿದೆ,
ಹೊಸ ಕನೆಕ್ಟರಿಗೆ ಬೆಸುಗೆ ಹಾಕಿ ಟೇಪು ಸುತ್ತಿದೆ,
ಬೆರಳು ಸುಟ್ಟುಕೊಂಡೆ.
ಗುಂಯ್.

ಅಲೆಪ್ಪಿಯಿಂದ ಕುರುವಿಳ ಕರೆಯುವುದು ಅದೇ ಹೊತ್ತಿಗೆ.
ಹನ್ನೊಂದು ವರ್ಷದಿಂದ, ದಿನಾ. ಮುಖ ಕಂಡಿಲ್ಲ.
ಈಗ ಅವನ ಮಾತು ಇಲಿ ಕಡಿದ ಪುಸ್ತಕ:
ಅಮ್ಮನಿಗೆ... ದೋಣಿ... ಮಂಗಳವಾರ...
ಅಮ್ಮನಿಗೆ ಏನು? ದೋಣಿ ಎಲ್ಲಿಗೆ?
ಮಂಗಳವಾರ ಬಂತು, ಹೋಯಿತು.
ನಾನು ಸುಳ್ಳು ಹೇಳಿದೆ: ಐವತ್ತೊಂಬತ್ತು, ಚೆನ್ನಾಗಿ ಕೇಳುತ್ತಿದೆ.

ಅಂಗೈಯಗಲದ ಟ್ರಾನ್ಸಿಸ್ಟರ್ ಎದೆಗವಚಿ ಬೇಟೆಗೆ ಹೊರಟೆ.
ಅದರೊಳಗಿನ ಕಪ್ಪು ಕಡ್ಡಿ ಅಡ್ಡ ಹಿಡಿದರೆ ಅರಚುತ್ತದೆ,
ಸದ್ದಿನ ಕಡೆಗೇ ಚಾಚಿದರೆ ಸುಮ್ಮನಾಗುತ್ತದೆ,
ಕದ್ದವನ ಎದುರು ಮಾತ್ರ ಬಾಯಿ ಕಟ್ಟುವ ಸಾಕ್ಷಿಯ ಹಾಗೆ.
ರೇವಣಕರರ ಪಾಲಿಶ್ ಮೋಟಾರು ಆರಕ್ಕೇ ಬಂದ್.
ತಾಂಡೇಲರ ಐಸ್ ಫ್ಯಾಕ್ಟರಿಯದು ಬೇರೆ ರಾಗ, ತಡೆದು ತಡೆದು.
ಟ್ಯೂಷನ್ ಮನೆಯ ಎಲ್‌ಇಡಿ ಬಲ್ಬುಗಳು ಒಂದೊಂದೂ ಜೀರುಂಡೆ,
ಆದರೆ ಇದಲ್ಲ.
ಅರಗಾದ ನೌಕಾನೆಲೆಯ ಮೇಲೂ ಸಂಶಯ ಬಂತು;
ಅದನ್ನು ಯಾರಿಗೂ ಹೇಳಲಿಲ್ಲ.

ಲೈನ್‌ಮನ್ ಬೊಮ್ಮು ಗೌಡ ಕಂಬ ಹತ್ತಿ
ಪಿಂಗಾಣಿಯ ಮೇಲಿನ ಉಪ್ಪಿನ ತೊಗಲು ಒರೆಸಿ ಇಳಿದ.
"ಮಾಸ್ತರ್ರೆ, ಮೊದ್ಲ ಮಳಿ ಬಂದಿದ್ರೆ ತಂತಾನೇ ತೊಳೀತಿತ್ತು."
ಒಂದು ಚಟಪಟ ಸತ್ತಿತು, ನಿಜ.
ಗುಂಯ್ ಸಾಯಲಿಲ್ಲ. ಬೊಮ್ಮುವಿಗೆ ಚಹಾ ಕೊಟ್ಟು ಕಳಿಸಿದೆ.

ಹದಿನಾರನೇ ದಿನ, ಬುದ್ಧಿ ಬಂದಲ್ಲ, ಸಿಟ್ಟು ಬಂದು
ನಮ್ಮದೇ ಮನೆಯ ಮೇನ್ ಸ್ವಿಚ್ ಇಳಿಸಿದೆ.
ರೇಡಿಯೋ ಬ್ಯಾಟರಿಯ ಮೇಲೆ ಉಸಿರಾಡುತ್ತಿತ್ತು.
ಮುಳ್ಳು ಬಿತ್ತು
ಹಗ್ಗ ಜಾರಿ ಬಾವಿಗೆ ಬಿದ್ದ ಕೊಡದ ಹಾಗೆ.
ಎಷ್ಟು ಆಳದಲ್ಲಿತ್ತು ಆ ಮೌನ! ಅದರ ತಳದಲ್ಲಿ
ಯಾರೋ ಮಸ್ಕತ್ತಿನವನು ಯಾರೋ ಜಾಫ್ನಾದವನಿಗೆ
ತನ್ನೂರಿನ ಸೆಖೆಯ ವರದಿ ಕೊಡುತ್ತಿದ್ದ.

ಒಂದೊಂದೇ ಫ್ಯೂಜು ಹಾಕುತ್ತ ಬಂದೆ.
ಅಡುಗೆಮನೆ, ಇಲ್ಲ. ಪಂಪು, ಇಲ್ಲ.
ಮಲಗುವ ಕೋಣೆ.
ಗುಂಯ್.

ಮಂಚದ ಬದಿಯ ಸ್ಟೂಲಿನ ಮೇಲೆ
ಕುಂಕುಮದ ಭರಣಿಯಷ್ಟು ಪೆಟ್ಟಿಗೆ, ಹಸಿರು ಕಣ್ಣು,
ಒಳಗೆ ಶೇವಂತಿಯ ಎರಡು ಕಿವಿ.
ಐಸ್ ಒಡೆಯುವ ಯಂತ್ರದ ಪಕ್ಕ ಹದಿನೆಂಟು ವರ್ಷ
ಲೆಕ್ಕ ಬರೆದು ಸೋತವಳಿಗೆ ಹೋದ ಅಮಾವಾಸ್ಯೆಗೆ ಕೊಂಡದ್ದು.
ಕಿವಿ ಒಳ್ಳೆಯವು. ಚಾರ್ಜರು ಅಗ್ಗದ್ದು.
ಅಗ್ಗದ್ದನ್ನು ಆರಿಸಿದವನು ನಾನೇ.
ನಾನು ಮೈಕು ಹಿಡಿಯುವ ಹೊತ್ತಿಗೇ ಅವಳು ಕಿವಿ ಕಳಚಿಡುತ್ತಿದ್ದಳಂತೆ,
ಹೇಗೂ ಆಗ ನೀವು ನನ್ನ ಹತ್ತಿರ ಮಾತಾಡುವುದಿಲ್ಲವಲ್ಲ, ಎಂದು.

ಹದಿನಾರು ದಿನ ಊರೂರು ಅಲೆದು ನಾನು ಹುಡುಕಿದ್ದು
ಅವಳ ಕಿವಿ ಉಣ್ಣುವ ಸದ್ದು.

ಹಳೆಯ ಟೀವಿಯಿಂದ ಕಿತ್ತ ಫೆರೈಟ್ ಬಳೆಗೆ
ಚಾರ್ಜರಿನ ವೈರು ಎಂಟು ಸುತ್ತು ಸುತ್ತಿದೆ.
ಒಂಬತ್ತು ನಾಲ್ಕಾಯಿತು. ಇನ್ನೂ ಸುತ್ತಬಹುದಿತ್ತು, ವೈರು ಗಿಡ್ಡ.
ಕಿವಿಯಿಲ್ಲದ ಶೇವಂತಿ ಬಾಗಿಲಲ್ಲಿ ನಿಂತು "ಮೆಳ್ಳೆಂ?" ಎಂದಳು.
ಪೆಟ್ಟಿಗೆ ತೋರಿಸಿದೆ, ಆಮೇಲೆ ನನ್ನನ್ನು.
ನಕ್ಕಳು, ಎಷ್ಟು ಜೋರು ಎಂದು ತನಗೇ ತಿಳಿಯದ ಹಾಗೆ.
ನನ್ನ ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು.

ಅಲೆಪ್ಪಿಯಿಂದ ಕುರುವಿಳ, ಒಂದಕ್ಷರ ಬಿಡದೆ:
ಯಾರದು ನಗು? ಐವತ್ತೊಂಬತ್ತು ಬರುತ್ತಿದೆ.

ಹೇಳುತ್ತೇನೆ ಎಂದೆ. ಮೊದಲು ನಿನ್ನ ಅಮ್ಮ ಹೇಗಿದ್ದಾರೆ ಹೇಳು.